ಪದ ಪರಿಚಯ: ಸೋಲ್ಸ್‌ಲೈಕ್

ಕನ್ನಡದ ಕಿವಿಗೆ ಈ ಪದ ಮೊದಲ ಸಲ ಬಿದ್ದಾಗ ಕೇಳಿಸುವುದು 'ಸೋಲು'. ಇಂಗ್ಲಿಷಿನ 'ಸೋಲ್' ಎಂದರೆ ಆತ್ಮ, ನಮ್ಮ ಸೋಲಿಗೂ ಅದಕ್ಕೂ ಯಾವ ನಂಟೂ ಇಲ್ಲ. ಆದರೆ ಈ ಜಾತಿಯ ವಿಡಿಯೋ ಗೇಮನ್ನು ಒಂದು ಸಂಜೆ ಆಡಿದವರನ್ನು ಕೇಳಿ ನೋಡಿ. ಕನ್ನಡದ ಅರ್ಥವೇ ಹೆಚ್ಚು ಸರಿ ಎನ್ನುತ್ತಾರೆ.

ಸೋಲ್ಸ್‌ಲೈಕ್ ಎಂದರೆ 'ಸೋಲ್ಸ್' ಆಟಗಳ ಹಾಗಿರುವ ಆಟ. ಹೆಸರಿಗೆ ಹೀಗೆ 'ಲೈಕ್' ಎಂಬ ಬಾಲ ಅಂಟಿಸುವುದು ಗೇಮ್ ಲೋಕದಲ್ಲಿ ಹೊಸದಲ್ಲ. 1980ರಲ್ಲಿ ಬಂದ 'ರೋಗ್' ಎಂಬ ಆಟದ ದಾರಿ ಹಿಡಿದ ಆಟಗಳಿಗೆ 'ರೋಗ್‌ಲೈಕ್' ಎನ್ನುವ ರೂಢಿ ಮೊದಲೇ ಇತ್ತು. ಒಂದು ಕಡೆ ರೋಗ, ಇನ್ನೊಂದು ಕಡೆ ಸೋಲು. ಹೆಸರಿಡುವ ಮೊದಲು ಇವರು ಒಬ್ಬ ಕನ್ನಡಿಗನನ್ನು ಕೇಳಬೇಕಿತ್ತು.

ಮೂಲ ಆಟ 'ಡೀಮನ್ಸ್ ಸೋಲ್ಸ್'. ಟೋಕಿಯೋದ ಫ್ರಮ್‌ಸಾಫ್ಟ್‌ವೇರ್ ಕಂಪನಿ ಮಾಡಿದ್ದು, 2009ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಎಂಬ ಗೇಮ್ ಯಂತ್ರಕ್ಕೆ ಬಂತು. ನಿರ್ದೇಶಕ ಹಿದೆತಾಕಾ ಮಿಯಾಝಾಕಿ. ಇವರು ಗೇಮ್ ಕೆಲಸಕ್ಕೆ ಸೇರಿದ್ದೇ ತಡವಾಗಿ, 29ರ ವಯಸ್ಸಿನಲ್ಲಿ. ಅದಕ್ಕೂ ಮೊದಲು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇದ್ದರು. ಡೀಮನ್ಸ್ ಸೋಲ್ಸ್ ಆಗ ಕುಂಟುತ್ತಿದ್ದ ಪ್ರಾಜೆಕ್ಟ್. ಹೇಗೂ ಕೆಟ್ಟುಹೋಗಿದೆ, ನಾನು ಕೈಹಾಕಿ ಇನ್ನಷ್ಟು ಕೆಟ್ಟರೂ ಯಾರೂ ಕೇಳುವುದಿಲ್ಲ ಎಂಬ ಧೈರ್ಯದಲ್ಲೇ ಅದನ್ನು ವಹಿಸಿಕೊಂಡರಂತೆ. ಸೋನಿಯ ದೊಡ್ಡ ಅಧಿಕಾರಿ ಶುಹೇ ಯೋಶಿದಾ ಅದನ್ನು ಆಡಿ ನೋಡಿ, ಸುಮಾರು ಎರಡು ಗಂಟೆಯಾದರೂ ಶುರುವಿನಲ್ಲೇ ಸಿಕ್ಕಿಕೊಂಡು, ಇದೆಂಥ ಕೆಟ್ಟ ಆಟ ಎಂದುಕೊಂಡರು. ಏಷ್ಯಾದ ಆಚೆ ಅದನ್ನು ಮಾರುವ ಗೋಜಿಗೆ ಸೋನಿ ಹೋಗಲಿಲ್ಲ. ಅಮೆರಿಕದಲ್ಲಿ ಅಟ್ಲಸ್ ಎಂಬ ಬೇರೆ ಕಂಪನಿ ಹೊರತಂದಿತು. ಮುಂದೆ 2011ರಲ್ಲಿ 'ಡಾರ್ಕ್ ಸೋಲ್ಸ್' ಬಂದ ಮೇಲೆ ಇದೇ ಒಂದು ಜಾತಿಯಾಯಿತು. 'ಸಾಯಲು ಸಿದ್ಧರಾಗಿ' ಎನ್ನುವುದೇ ಅದರ ಜಾಹೀರಾತಿನ ಮಾತು.

ಈ ಜಾಹೀರಾತು ಒಳ್ಳೆಯದನ್ನೂ ಮಾಡಿತು, ಕೆಟ್ಟದ್ದನ್ನೂ ಮಾಡಿತು. ಕಷ್ಟದ ಆಟಗಳೆಲ್ಲ ಸೋಲ್ಸ್‌ಲೈಕ್ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದು ಇಲ್ಲಿಂದಲೇ. ಕಷ್ಟದ ಆಟಗಳು ಬೇಕಾದಷ್ಟಿವೆ. ಸತ್ತಾಗ ಏನಾಗುತ್ತದೆ ಎನ್ನುವುದರಲ್ಲಿ ಇದು ಬೇರೆ. ಹಾಗಾಗಿ ಪದದ ಅರ್ಥ ಗೊತ್ತಾದರೆ ಆಟ ಶುರುಮಾಡುವುದು ಹೇಗೆ ಎನ್ನುವುದೂ ಅರ್ಧ ಗೊತ್ತಾದಂತೆಯೇ. ಡಾರ್ಕ್ ಸೋಲ್ಸನ್ನೇ ಇಟ್ಟುಕೊಂಡು ನೋಡೋಣ. ನಾನು ಜಾಸ್ತಿ ಸತ್ತಿರುವುದು ಅದರಲ್ಲೇ.

ಮೊದಲು 'ಸೋಲ್ಸ್' ಎಂದರೇನು ನೋಡಿ. ಶತ್ರುವನ್ನು ಕೊಂದರೆ ನಿಮಗೆ ಒಂದಿಷ್ಟು ಸೋಲ್ಸ್ ಸಿಗುತ್ತವೆ. ಅಂಗಡಿಯಲ್ಲಿ ಸಾಮಾನು ಕೊಳ್ಳುವುದು ಅದರಿಂದಲೇ, ನಿಮ್ಮ ಪಾತ್ರದ ಲೆವೆಲ್, ಅಂದರೆ ಬಲದ ಮಟ್ಟ, ಏರಿಸುವುದೂ ಅದರಿಂದಲೇ. ಸತ್ತರೆ ಕೈಯಲ್ಲಿದ್ದ ಅಷ್ಟೂ ಸೋಲ್ಸ್ ಸತ್ತ ಜಾಗದಲ್ಲೇ ಉಳಿದುಬಿಡುತ್ತವೆ. ವಾಪಸ್ ಅಲ್ಲಿಗೆ ಹೋಗಿ ಮುಟ್ಟಿದರೆ ಎಲ್ಲವೂ ಸಿಗುತ್ತದೆ. ದಾರಿಯಲ್ಲಿ ಇನ್ನೊಮ್ಮೆ ಸತ್ತಿರೋ, ಮೊದಲಿನದು ಹೋಯಿತು. ಒಂದೇ ಅವಕಾಶ.

ಹೊಸಬರು ಎಡವುವುದು ಇಲ್ಲೇ. ಕಳೆದುಹೋದದ್ದನ್ನು ಹಿಡಿಯಲು ದಡಬಡ ಓಡುತ್ತಾರೆ. ಮೊದಲ ಸಲ ಹುಷಾರಾಗಿ ನಡೆದುಕೊಂಡು ಬಂದಿದ್ದ ದಾರಿಯಲ್ಲೇ ಓಡಿ ಸಾಯುತ್ತಾರೆ. ಹೆದ್ದಾರಿ ಬದಿಯಲ್ಲಿ ಬರೆದಿರುತ್ತಾರಲ್ಲ, 'ಅವಸರವೇ ಅಪಘಾತಕ್ಕೆ ಕಾರಣ' ಅಂತ. ಆ ಬೋರ್ಡನ್ನು ಈ ಆಟದೊಳಗೂ ನೆಡಬೇಕಿತ್ತು. ಶುರುವಿನಲ್ಲಿ ಕಳೆದುಕೊಳ್ಳುವ ಸೋಲ್ಸ್ ಚಿಲ್ಲರೆ ಕಾಸು. ಹತ್ತು ನಿಮಿಷದಲ್ಲಿ ಮತ್ತೆ ಗಳಿಸಬಹುದು. ಒಂದು ಲೆವೆಲ್‌ಗೆ ಆಗುವಷ್ಟು ಕೂಡಿತು ಅನ್ನಿಸಿದರೆ ವಾಪಸ್ ಹೋಗಿ ಖರ್ಚು ಮಾಡಿಬಿಡಿ. ಜೇಬು ಖಾಲಿಯಿದ್ದವರಿಗೆ ಸಾಯುವ ಭಯವೂ ಕಡಿಮೆ.

ವಾಪಸ್ ಹೋಗುವುದು ಎಲ್ಲಿಗೆ? ಬಾನ್‌ಫೈರ್ ಹತ್ತಿರ. ಬೂದಿಯಲ್ಲಿ ಕತ್ತಿ ನೆಟ್ಟ ಒಂದು ಬೆಂಕಿ ಇರುತ್ತದೆ, ಅದರ ಮುಂದೆ ಕೂರಬೇಕು. ಕೂತರೆ ಜೀವ ತುಂಬುತ್ತದೆ. ಗಾಯ ಮಾಗಿಸುವ ಎಸ್ಟಸ್ ಎಂಬ ಬಾಟಲಿಯೂ ತುಂಬುತ್ತದೆ, ಸಾಮಾನ್ಯವಾಗಿ 5 ಗುಟುಕು. ಅದರ ಜೊತೆಗೆ ನೀವು ಕೊಂದ ಶತ್ರುಗಳೂ, ಬಾಸ್ ಎಂಬ ದೊಡ್ಡ ಶತ್ರುಗಳನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರೂ, ಎದ್ದು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಸತ್ತು ಎದ್ದರೂ ಅಷ್ಟೇ. ಇದೆಂಥ ಅನ್ಯಾಯ ಎಂದು ಮೊದಲು ನನಗೂ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಇದು ಉರು ಹೊಡೆಸುವ ಮೇಷ್ಟ್ರ ಉಪಾಯ. ಅದೇ ಮೂಲೆ, ಅದೇ ಬಿಲ್ಲುಗಾರ, ಬಾಗಿಲ ಹಿಂದೆ ಅಡಗಿದ ಅದೇ ಕಳ್ಳ. ಐದನೆಯ ಸಲ ಹೋಗುವ ಹೊತ್ತಿಗೆ ಮಗ್ಗಿ ಬಾಯಿಗೆ ಬಂದಂತೆ ಕೈಗೆ ಬಂದಿರುತ್ತದೆ. ನಿಮ್ಮ ಪಾತ್ರದ ಲೆವೆಲ್ ಅಷ್ಟೇ ಇರುತ್ತದೆ, ಕಲಿತಿರುವುದು ನೀವು.

ಮತ್ತೆ ಮತ್ತೆ ಅದೇ ದಾರಿ ನಡೆಯುವ ಕಷ್ಟಕ್ಕೆ ಆಟ ಕೊಡುವ ಬಹುಮಾನ ಒಳದಾರಿಗಳು. ಅನ್‌ಡೆಡ್ ಬರ್ಗ್ ಎಂಬ ಊರಿನ ಸೇತುವೆಯ ಕೆಳಗೆ ಒಂದು ಏಣಿಯಿದೆ. ಅದನ್ನು ಒದ್ದು ಕೆಳಗಿಳಿಸಿದರೆ ಅರ್ಧ ಊರು ಸುತ್ತಿ ಬಂದವರು ನೇರ ಬಾನ್‌ಫೈರ್ ಪಕ್ಕ ಇಳಿಯುತ್ತೀರಿ. ಇನ್ನೂ ಮುಂದೆ ಚರ್ಚಿನಲ್ಲಿ ಒಂದು ಲಿಫ್ಟ್ ಇದೆ. ಎಲ್ಲಿಗೆ ಹೋಗುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಹತ್ತಿದ್ದೆ. ಕೆಳಗೆ ನಿಂತಾಗ ನೋಡಿದರೆ ಫೈರ್‌ಲಿಂಕ್ ಶ್ರೈನ್, ಆಟದ ಮೊದಲ ಘಟ್ಟ ಮುಗಿಸಿ ನಾನು ಬಂದಿಳಿದಿದ್ದ ಜಾಗ! ಗಂಟೆಗಟ್ಟಲೆ ಏರಿ ಇಳಿದು ದೂರ ಬಂದೆ ಎಂದುಕೊಂಡವನು ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದ್ದೆ. ಈ ಆಟಗಳ ಬಗ್ಗೆ ಜನ ಯಾಕಿಷ್ಟು ಹುಚ್ಚರಾಗುತ್ತಾರೆ ಎಂದು ಕೇಳಿದರೆ ನಾನು ತೋರಿಸುವುದು ಆ ಲಿಫ್ಟನ್ನೇ, ಬಾಸ್‌ಗಳನ್ನಲ್ಲ. ಹಾಗಾಗಿ ಹೊಸ ಜಾಗದಲ್ಲಿ ಬಾಸ್ ಹುಡುಕುವ ಮೊದಲು ಏಣಿ, ಲಿಫ್ಟ್, ಬೀಗ ಹಾಕಿದ ಬಾಗಿಲು ಹುಡುಕಿ.

ಇನ್ನು ಹೊಡೆದಾಟ. ತೆರೆಯ ಮೇಲೆ ಜೀವದ ಪಟ್ಟಿಯ ಕೆಳಗೆ ಒಂದು ಹಸಿರು ಪಟ್ಟಿ ಇರುತ್ತದೆ. ಅದು ಸ್ಟ್ಯಾಮಿನಾ, ಅಂದರೆ ದಮ್ಮು. ಕತ್ತಿ ಬೀಸಿದರೆ, ಓಡಿದರೆ, ಉರುಳಿದರೆ, ಗುರಾಣಿಯಲ್ಲಿ ಏಟು ತಡೆದರೆ, ಎಲ್ಲಕ್ಕೂ ಅದೇ ಖರ್ಚು. ಹೊಸಬರು ಕಣ್ಣಿಡುವುದು ಶತ್ರುವಿನ ಜೀವದ ಮೇಲೆ. ಪಳಗಿದವರು ಕಣ್ಣಿಡುವುದು ತಮ್ಮ ದಮ್ಮಿನ ಮೇಲೆ. ಬೇರೆ ಆಕ್ಷನ್ ಗೇಮಿನ ಹಾಗೆ ಗುಂಡಿಯನ್ನು ಪಟಪಟ ಒತ್ತಿದರೆ ಮೂರು ನಾಲ್ಕು ಬೀಸಿಗೆ ಹಸಿರು ಖಾಲಿ. ಆಗ ಶತ್ರು ಕೈ ಎತ್ತಿದರೆ ತಪ್ಪಿಸಿಕೊಳ್ಳಲೂ ಆಗದೆ ನಿಂತು ತಿನ್ನಬೇಕು. ಒಂದು ಏಟು, ಹೆಚ್ಚೆಂದರೆ ಎರಡು, ಆಮೇಲೆ ಹಿಂದೆ ಸರಿಯಿರಿ. ಗುರಾಣಿ ಎತ್ತಿ ಹಿಡಿದೇ ಇದ್ದರೆ ದಮ್ಮು ನಿಧಾನವಾಗಿ ತುಂಬುತ್ತದೆ, ಹಾಗಾಗಿ ಏಟು ಬರದ ಹೊತ್ತಲ್ಲಿ ಅದನ್ನು ಕೆಳಗಿಳಿಸಿ. ಇಷ್ಟು ಕಲಿತರೆ ಆಟದ ಮುಕ್ಕಾಲು ಪಾಲು ಕಷ್ಟ ಇಳಿಯುತ್ತದೆ ಎನ್ನುವುದು ನನ್ನ ಲೆಕ್ಕ.

ನಾನು ಸತ್ತದ್ದರಲ್ಲಿ ಹೆಚ್ಚಿನವು 'ಇನ್ನೊಂದೇ ಏಟು' ಸಾವುಗಳು. ಬಾಸ್‌ನ ಜೀವ ಕೂದಲೆಳೆಯಷ್ಟು ಉಳಿದಿರುತ್ತದೆ. ದಮ್ಮು ಇಲ್ಲ, ಗೊತ್ತು. ಆದರೂ ಕೈ ಕೇಳುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಆಡುವವರು ಇದಕ್ಕೆ ಇಟ್ಟಿರುವ ಹೆಸರು 'ಗ್ರೀಡ್', ದುರಾಸೆ.

ಉರುಳುವುದು ಎಂದೆನಲ್ಲ, ಅದನ್ನು 'ರೋಲ್' ಎನ್ನುತ್ತಾರೆ. ಉರುಳುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಯಾವ ಏಟೂ ನಿಮಗೆ ತಾಗುವುದಿಲ್ಲ. ಆ ಹೊತ್ತಿಗೆ 'ಐ-ಫ್ರೇಮ್' ಎಂದು ಹೆಸರು. ಹೆದರಿ ಹಿಂದಕ್ಕೆ ಉರುಳಿದರೆ ಉದ್ದ ಕತ್ತಿಯ ತುದಿ ಬಂದು ತಾಗುತ್ತದೆ. ಎಷ್ಟೋ ಸಲ ಏಟಿನೊಳಕ್ಕೇ, ಶತ್ರುವಿನ ಪಕ್ಕಕ್ಕೆ ಉರುಳುವುದೇ ಕ್ಷೇಮ. ಆದರೆ ಮೈಮೇಲಿನ ಭಾರ ನೋಡಿಕೊಳ್ಳಿ. ಡಾರ್ಕ್ ಸೋಲ್ಸಿನಲ್ಲಿ ನೀವು ಹೊರಬಹುದಾದ ತೂಕದ 25% ಒಳಗಿದ್ದರೆ ಚುರುಕಾಗಿ ಉರುಳುತ್ತೀರಿ. 50% ತನಕ ಪರವಾಗಿಲ್ಲ. ಅದನ್ನು ದಾಟಿದರೆ ಅಕ್ಕಿ ಮೂಟೆ ಉರುಳಿಸಿದಂತೆ ಧೊಪ್ಪನೆ ಬೀಳುತ್ತೀರಿ, ಅದಕ್ಕೆ 'ಫ್ಯಾಟ್ ರೋಲ್' ಎಂದು ಹೆಸರು. ಒಳ್ಳೆಯ ಕಬ್ಬಿಣದ ಕವಚ ಸಿಕ್ಕಿತೆಂದು ಎಲ್ಲವನ್ನೂ ಏರಿಸಿಕೊಳ್ಳುವವರು ಸಾಯುವುದು ಹೀಗೆ.

ಯಾವ ಪಾತ್ರ ಆರಿಸಬೇಕು ಎಂದು ಜನ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬೇಡ. ಅದು ಶುರುವಿನ ಬಟ್ಟೆಬರೆ ಮತ್ತು ಒಂದಿಷ್ಟು ಅಂಕಿಗಳು, ಅಷ್ಟೇ. ಯೋಧನಾಗಿ ಹೊರಟವನೂ ಮುಂದೆ ಮಂತ್ರ ಕಲಿಯಬಹುದು. ಮೊದಲ ಲೆವೆಲ್‌ಗಳನ್ನು ಜೀವ ಹೆಚ್ಚಿಸುವ ವೈಟಾಲಿಟಿಗೂ, ದಮ್ಮು ಮತ್ತು ಹೊರುವ ಶಕ್ತಿ ಹೆಚ್ಚಿಸುವ ಎಂಡ್ಯೂರೆನ್ಸ್‌ಗೂ ಹಾಕಿ. ರೆಸಿಸ್ಟೆನ್ಸ್ ಎಂಬುದಕ್ಕೆ ಒಂದು ಕಾಸೂ ಬೇಡ. ಏಟಿನ ಬಲ ಹೆಚ್ಚುವುದು ಲೆವೆಲ್‌ಗಿಂತ ಜಾಸ್ತಿ ಆಯುಧ ಹದ ಮಾಡಿಸುವುದರಿಂದ. ಚರ್ಚಿನ ಆಚೆ ಹಳೆಯ ಕಟ್ಟಡವೊಂದರಲ್ಲಿ ಆಂಡ್ರೆ ಎಂಬ ಕಮ್ಮಾರನಿದ್ದಾನೆ. ಸುತ್ತಿಗೆ ಸದ್ದು ದೂರದಿಂದಲೇ ಕೇಳಿಸುತ್ತದೆ, ಆ ಸದ್ದು ಹಿಡಿದು ಹೋಗಿ.

ಇನ್ನೊಂದು ಗುಣ, ಈ ಆಟಗಳು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ. ಬಾಣದ ಗುರುತು ತೋರಿಸಿ 'ಈ ಕಡೆ ಹೋಗು' ಎನ್ನುವುದಿಲ್ಲ. ಮಿಯಾಝಾಕಿ ಚಿಕ್ಕಂದಿನಲ್ಲಿ ತನ್ನ ಮಟ್ಟಕ್ಕೆ ಮೀರಿದ ಇಂಗ್ಲಿಷ್ ಪುಸ್ತಕಗಳನ್ನು ಓದುತ್ತ, ಅರ್ಥವಾಗದ ಕಡೆ ತಾನೇ ಕಥೆ ಕಟ್ಟಿಕೊಳ್ಳುತ್ತಿದ್ದರಂತೆ. ಆಟದ ಕಥೆಯಲ್ಲೂ ಹಾಗೇ ತೂತು ಬಿಟ್ಟಿರುತ್ತಾರೆ. ಆದರೆ ಸುಳಿವುಗಳಂತೂ ಇವೆ. ಮೊದಲ ಜಾಗದಲ್ಲೇ, ಕೈಯಲ್ಲಿ ಮುರಿದ ಕತ್ತಿಯ ಹಿಡಿ ಮಾತ್ರ ಇರುವಾಗ, ಆನೆಗಾತ್ರದ ಅಸೈಲಮ್ ಡೀಮನ್ ಮೇಲಿಂದ ಧುಮುಕುತ್ತಾನೆ. ಅಲ್ಲಿ ಹೋರಾಡಬಾರದು. ಎಡಕ್ಕೆ ಒಂದು ಬಾಗಿಲು ತೆರೆದಿರುತ್ತದೆ, ಓಡಬೇಕು. ಆಯುಧ ಸಿಕ್ಕ ಮೇಲೆ ಮಾಳಿಗೆಯಿಂದ ಅವನ ತಲೆ ಮೇಲೆ ಹಾರಿದರೆ ಒಂದೇ ಏಟಿಗೆ ಜೀವದ ದೊಡ್ಡ ತುಂಡು ಹೋಗುತ್ತದೆ. ಆಟದ ಮೊದಲ ಪಾಠವೇ ಇದು: ಓಡಿಹೋಗುವುದು ಇಲ್ಲಿ ತಪ್ಪಲ್ಲ.

ನಾನು ಆ ಪಾಠ ಕಲಿಯಲಿಲ್ಲ. ಫೈರ್‌ಲಿಂಕ್‌ಗೆ ಬಂದ ಕೂಡಲೇ ಸ್ಮಶಾನದ ದಾರಿ ಹಿಡಿದೆ. ಅಸ್ಥಿಪಂಜರಗಳು ಎರಡು ಏಟಿಗೆ ಮಲಗಿಸಿದವು. ಕಷ್ಟದ ಆಟ ಅಲ್ವಾ, ಹೀಗೇ ಇರಬೇಕು ಎಂದುಕೊಂಡು ಮೂರು ಸಂಜೆ ಅಲ್ಲೇ ಸತ್ತೆ. ನಿಜವಾದ ದಾರಿ ಇದ್ದದ್ದು ಮೇಲಕ್ಕೆ, ಅನ್‌ಡೆಡ್ ಬರ್ಗ್ ಕಡೆಗೆ. ಬಾನ್‌ಫೈರ್ ಪಕ್ಕದಲ್ಲೇ ಜೋಲುಮುಖ ಹಾಕಿಕೊಂಡು ಕೂತಿರುವ ಯೋಧ ಅದನ್ನು ಹೇಳುತ್ತಾನೆ: ಬಾರಿಸಬೇಕಾದ ಎರಡು ಗಂಟೆಗಳಿವೆ, ಒಂದು ಮೇಲೆ, ಇನ್ನೊಂದು ಕೆಳಗೆ ದೂರದಲ್ಲಿ. ನಾನು ಅವನನ್ನು ಮಾತಾಡಿಸಿಯೇ ಇರಲಿಲ್ಲ. ಯಾರೇ ಸಿಕ್ಕರೂ ಹೇಳಿದ್ದನ್ನೇ ಹೇಳುವ ತನಕ ಮಾತಾಡಿಸಿ. ಒಂದು ಜಾಗದಲ್ಲಿ ಶತ್ರುಗಳು ವಿಪರೀತ ಗಟ್ಟಿ ಅನ್ನಿಸಿದರೆ, ನೀವು ದಾರಿ ತಪ್ಪಿರಬಹುದು ಎಂದು ಒಮ್ಮೆ ಅನುಮಾನ ಪಡಿ.

ಆಟವನ್ನು ನಡುವೆ ನಿಲ್ಲಿಸಿಡುವ 'ಪಾಝ್' ಇಲ್ಲಿ ಇಲ್ಲ. ಮೆನು ತೆರೆದಿದ್ದರೂ ಶತ್ರು ಬಂದು ಹೊಡೆಯುತ್ತಾನೆ. ಊಟಕ್ಕೆ ಕರೆದರೆ ಮೆನುವಿನಿಂದ ಆಟ ಬಿಟ್ಟು ಹೊರಬನ್ನಿ, ವಾಪಸ್ ಬಂದಾಗ ನಿಂತ ಜಾಗದಲ್ಲೇ ಇರುತ್ತೀರಿ.

ಡಾರ್ಕ್ ಸೋಲ್ಸೇ ಮೊದಲು ಆಗಬೇಕೆಂದೇನಿಲ್ಲ. 2022ರ 'ಎಲ್ಡನ್ ರಿಂಗ್' ಹೊಸಬರಿಗೆ ಇನ್ನೂ ಸಲೀಸು. ಬಯಲು ದೊಡ್ಡದು, ಒಂದು ಕಡೆ ಸಿಕ್ಕಿಕೊಂಡರೆ ಇನ್ನೊಂದು ಕಡೆ ಹೋಗಬಹುದು. ಶುರುವಿನಲ್ಲೇ ಚಿನ್ನದ ಬಣ್ಣದ ಕುದುರೆ ಸವಾರನೊಬ್ಬ ಸಿಗುತ್ತಾನೆ, ಅವನ ತಂಟೆಗೆ ಮಾತ್ರ ಹೋಗಬೇಡಿ. 2019ರ 'ಸೆಕಿರೋ' ಮೊದಲಿಗೆ ಬೇಡ. ಅಲ್ಲಿ ಆನ್‌ಲೈನ್‌ನಲ್ಲಿ ಬೇರೆ ಆಟಗಾರರ ಸಹಾಯ ಕರೆಯಲು ಬರುವುದಿಲ್ಲ. ಬೇರೆ ಕಂಪನಿಗಳದ್ದರಲ್ಲಿ 'ನಿಯೋ', ಕೊರಿಯಾದ 'ಲೈಸ್ ಆಫ್ ಪಿ' ಅಪ್ಪಟ ಸೋಲ್ಸ್‌ಲೈಕ್‌ಗಳೇ. 'ಹಾಲೋ ನೈಟ್' ಈ ಗುಂಪಿಗೆ ಸೇರುತ್ತದೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಸಹಾಯ ಕರೆಯುವುದು ಎಂದೆ. ಕಷ್ಟ ಎಂದು ಹೇಳಿಕೊಂಡವರಿಗೆಲ್ಲ 'ಗಿಟ್ ಗುಡ್', ಅಂದರೆ 'ಹೋಗಿ ಕಲಿ' ಎಂದು ಮೂಗು ಮುರಿಯುವವರು ಇದ್ದಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಸಹಾಯ ಕರೆಯುವ ಈ ಯೋಚನೆ ಮಿಯಾಝಾಕಿಗೆ ಬಂದದ್ದು ಹಿಮ ಬಿದ್ದ ಏರುದಾರಿಯಲ್ಲಿ. ಕಾರುಗಳು ಜಾರುತ್ತಿದ್ದವು, ಹಿಂದಿನ ಕಾರಿನವರು ಮುಂದಿನ ಕಾರನ್ನು ತಳ್ಳಿಕೊಂಡೇ ಮೇಲೆ ಹತ್ತಿಸಿದರು. ದಾಟಿದವರು ನಿಂತು ಥ್ಯಾಂಕ್ಸ್ ಹೇಳುವಂತಿಲ್ಲ, ನಿಂತರೆ ಮತ್ತೆ ಜಾರುತ್ತದೆ. ಆಟದಲ್ಲೂ ಹಾಗೇ. ಯಾರೋ ಗುರುತಿಲ್ಲದವರು ಬಂದು ಬಾಸ್ ಹೊಡೆಯಲು ಕೈಜೋಡಿಸುತ್ತಾರೆ, ಮುಗಿದ ಕೂಡಲೇ ಮಾಯ. ನೆಲದ ಮೇಲೆ ರಕ್ತದ ಕಲೆಗಳಿರುತ್ತವೆ, ಮುಟ್ಟಿದರೆ ಬೇರೆ ಆಟಗಾರ ಅಲ್ಲಿ ಹೇಗೆ ಸತ್ತ ಎಂದು ಕಾಣಿಸುತ್ತದೆ. ಅದನ್ನು ನೋಡಿ ಮುಂದೆ ಏನಿದೆ ಎಂದು ಊಹಿಸಬಹುದು. ಆಟಗಾರರು ಬರೆದಿಟ್ಟ ಚೀಟಿಗಳೂ ಇರುತ್ತವೆ. 'ಮುಂದೆ ಹೊಂಚು ಹಾಕಿದ್ದಾರೆ' ಎಂದಿದ್ದರೆ ಸಾಮಾನ್ಯವಾಗಿ ನಿಜ. ಕಣಿವೆಯ ಅಂಚಿನಲ್ಲಿ 'ಇಲ್ಲಿಂದ ಹಾರಿ ನೋಡಿ' ಎಂದಿದ್ದರೆ ಕೆಳಗೆ ನಿಧಿ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಕಡೆ ಹಾಗೆ ಬರೆದದ್ದಕ್ಕೆ ಎಷ್ಟೋ ಜನ 'ಒಳ್ಳೆಯ ಸಲಹೆ' ಎಂದು ಅಂಕ ಕೊಟ್ಟಿದ್ದರು. ನಂಬಿ ಹಾರಿದೆ.

ಬಾನ್‌ಫೈರ್‌ನಿಂದ ವಾಪಸ್ ನಡೆದುಬಂದು, ನಾನೂ ಅದಕ್ಕೆ ಅಂಕ ಕೊಟ್ಟೆ.