ಹೂಟರ್ ಯಾರ ಕಿವಿಗೆ?

ಮೈಸೂರಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕಾರ್ಖಾನೆಗೊಂದು ಹೂಟರ್ ಬೇಕು ಎಂದರೆ ಅವರು ಮೊದಲು ತೋರಿಸುವುದು ಡಬ್ಬಿಯ ಮೇಲಿನ ಸಂಖ್ಯೆಯನ್ನು. ಇದು 110 ಡೆಸಿಬಲ್, ಪಕ್ಕದ್ದು 120. ‘ಇದನ್ನ ಹಾಕ್ಸಿ ಸಾರ್, ಹೂಟಗಳ್ಳಿಲಿ ಕೂಗಿದ್ರೆ ಮೇಟಗಳ್ಳಿಗೆ ಕೇಳ್ಸುತ್ತೆ’ ಎಂಬ ಭರವಸೆ ಪುಕ್ಕಟೆ. ಡಬ್ಬಿಯ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ‘1 ಮೀಟರ್ ದೂರದಲ್ಲಿ’ ಎಂದು ಅಚ್ಚಾಗಿರುತ್ತದೆ. ಕೆಲವು ಡಬ್ಬಿಗಳಲ್ಲಿ ಅದೂ ಇರುವುದಿಲ್ಲ. ಹೂಟರ್‌ನಿಂದ ಒಂದು ಮೀಟರ್ ದೂರದಲ್ಲಿ ನಿಂತು ಪಾಳಿ ಮುಗಿಸುವವರು ಯಾರಿದ್ದಾರೆ?

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿಗೆ 110 ಇದ್ದದ್ದು ಎರಡಕ್ಕೆ 104, ನಾಲ್ಕಕ್ಕೆ 98, ಎಂಟಕ್ಕೆ 92, ಹದಿನಾರಕ್ಕೆ 86, ಮೂವತ್ತೆರಡಕ್ಕೆ 80. ತಗಡಿನ ಶೆಡ್ಡಿನೊಳಗೆ ಗೋಡೆ, ಚಾವಣಿಗೆ ಬಡಿದು ಸದ್ದು ಮರಳುವುದರಿಂದ ಇಷ್ಟು ಬೇಗ ಇಳಿಯದು, ನಿಜ. ಆದರೆ ಲಾಳಿ ಓಡುವ ಪವರ್‌ಲೂಮ್ ಶೆಡ್ಡಿನೊಳಗೆ ಸುಮ್ಮನೆ ನಿಂತರೇ ಕಿವಿಗೆ 95 ಡೆಸಿಬಲ್ ಬೀಳುತ್ತಿರುತ್ತದೆ. ಅದರ ಮುಂದೆ ಎಂಬತ್ತು ಯಾವ ಲೆಕ್ಕ?

ಹಾಗಾದರೆ ಎರಡು ಹೂಟರ್ ಅಕ್ಕಪಕ್ಕ ಹಾಕೋಣ ಎನ್ನುವವರಿದ್ದಾರೆ. ಡೆಸಿಬಲ್ ಲೆಕ್ಕ ಕೂಡುವ ಲೆಕ್ಕವಲ್ಲ. ಹತ್ತು ಡೆಸಿಬಲ್ ಏರಿತೆಂದರೆ ಶಕ್ತಿ ಹತ್ತು ಪಟ್ಟಾಯಿತು ಎಂದರ್ಥ. ಕಿವಿಗೆ ಮಾತ್ರ ಅದು ಸುಮಾರು ಎರಡು ಪಟ್ಟು ಜೋರಾದಂತೆ ತೋರುತ್ತದೆ. ಒಂದರ ಪಕ್ಕ ಅಂಥದ್ದೇ ಇನ್ನೊಂದು ಹೂಟರ್ ಕೂಗಿದರೆ ಸಿಗುವುದು ಬರೀ 3 ಡೆಸಿಬಲ್. ಅದೇ ಎರಡನೆಯದನ್ನು ಶೆಡ್ಡಿನ ಇನ್ನೊಂದು ತುದಿಗೆ ಹಾಕಿದರೆ ಅಲ್ಲಿದ್ದವರಿಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ಲಾಭ. ಒಂದು ದೊಡ್ಡ ಗಂಟಲಿಗಿಂತ ನಾಲ್ಕು ಸಣ್ಣ ಗಂಟಲು ಮೇಲು ಎಂಬುದು ಇಲ್ಲಿಂದಲೇ ಹೊರಡುವ ಮಾತು.

ಸುತ್ತಲಿನ ಸದ್ದಿಗಿಂತ ಎಚ್ಚರಿಕೆಯ ಸದ್ದು 15 ಡೆಸಿಬಲ್ ಮೇಲಿರಬೇಕು ಎನ್ನುತ್ತದೆ ಅಪಾಯಸೂಚನೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7731. ಮಗ್ಗದ ಶೆಡ್ಡಿಗೆ ಈ ಸೂತ್ರ ಹಾಕಿದರೆ 110 ಬೇಕು, ಅದೂ ಪ್ರತಿಯೊಬ್ಬ ನೇಕಾರನ ಕಿವಿಯ ಬಳಿ. ಅಷ್ಟು ಸದ್ದೇ ಒಂದು ಅಪಾಯ. ಜೋರು ಹೆಚ್ಚಿಸುವ ಪಂದ್ಯದಲ್ಲಿ ಹೂಟರ್ ಯಂತ್ರವನ್ನು ಗೆಲ್ಲಲಾರದು. ಬೇರೆ ದಾರಿ ಇದೆ. ಆದರೆ ಅದಕ್ಕೆ ಹೂಟರನ್ನು ಬಿಟ್ಟು ಕಿವಿಯ ಕಡೆ ತಿರುಗಬೇಕು.

ನಮ್ಮ ಕಿವಿಯ ಹೊರನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಇಂಥ ಕೊಳವೆ 3,000 ಹರ್ಟ್ಸ್ (ಸೆಕೆಂಡಿಗೆ 3,000 ಕಂಪನ) ಆಸುಪಾಸಿನ ಸ್ವರಕ್ಕೆ ತಾನೇ ಅನುರಣಿಸುತ್ತದೆ. ಹಾಗಾಗಿ ಆ ಸ್ವರ ನಮಗೆ ಸುಲಭವಾಗಿ, ಚುಚ್ಚುವಂತೆ ಕೇಳುತ್ತದೆ. ಇನ್ನೊಂದು ಕಡೆ, 1880ರಲ್ಲಿ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯೇರ್ ಕಂಡುಕೊಂಡ ಪೀಜೋ ಗುಣವಿದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಪ್ರತಿಯಾಗಿ ವಿದ್ಯುತ್ ಕೊಟ್ಟರೆ ಹರಳು ತುಸು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಈ ಗುಣವಿರುವ ಪಿಂಗಾಣಿ ಬಿಲ್ಲೆಯನ್ನು ತೆಳು ಲೋಹಕ್ಕೆ ಅಂಟಿಸಿದರೆ ಅಗ್ಗದ ಬಜರ್ ಸಿದ್ಧ. ಅದೂ 3,000 ಹರ್ಟ್ಸ್ ಸುತ್ತಮುತ್ತಲೇ ಹೆಚ್ಚು ಜೋರಾಗಿ ಕೂಗುತ್ತದೆ. ಕಡಿಮೆ ಕರೆಂಟು, ಕಡಿಮೆ ದುಡ್ಡು, ದೊಡ್ಡ ಡೆಸಿಬಲ್. ತಯಾರಕರು ಬೇರೆ ಸ್ವರವನ್ನು ಏಕೆ ಆರಿಸಿಕೊಂಡಾರು?

ತೊಡಕು ಇರುವುದು ಇಲ್ಲೇ. ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿ ದುಡಿದವರ ಶ್ರವಣ ಪರೀಕ್ಷೆ ಮಾಡಿದರೆ ಗ್ರಾಫಿನಲ್ಲಿ ಮೊದಲ ಗುಂಡಿ ಬೀಳುವುದು 4,000 ಹರ್ಟ್ಸ್ ಬಳಿ. ಕಾಲ ಕಳೆದಂತೆ ಅದು ಎರಡೂ ಕಡೆ ಅಗಲವಾಗುತ್ತದೆ. ವಯಸ್ಸಿನ ಕಿವುಡೂ ಏರುಸ್ವರದ ತುದಿಯಿಂದಲೇ ಆರಂಭ. ಮಾತಿನ ಸ್ವರಾಕ್ಷರಗಳೆಲ್ಲ ತಗ್ಗಿನಲ್ಲಿರುವುದರಿಂದ ‘ನಂಗೇನಾಗಿದೆ, ಚೆನ್ನಾಗೇ ಕೇಳ್ಸುತ್ತೆ’ ಎನ್ನುತ್ತಲೇ ಇರುತ್ತಾರೆ. ಮನೆಯಲ್ಲಿ ಟಿವಿಯ ವಾಲ್ಯೂಮ್ ಮಾತ್ರ ಮೇಲೇರುತ್ತಿರುತ್ತದೆ. ಇದನ್ನು ಅಳೆಯಲು ಮೈಸೂರಿಗರು ದೂರ ಹೋಗಬೇಕಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಆದರೂ ಹೂಟರ್ ಕೊಳ್ಳುವ ಮುನ್ನ ಕಾರ್ಮಿಕರ ಆಡಿಯೋಗ್ರಾಮ್, ಅಂದರೆ ಆ ಶ್ರವಣ ಗ್ರಾಫ್, ತೆಗೆದು ನೋಡುವ ಮ್ಯಾನೇಜರ್ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇನ್ನು ಇಯರ್‌ಪ್ಲಗ್. ಸದ್ದಿನ ಜಾಗದಲ್ಲಿ ಅದನ್ನು ಹಾಕಿಕೊಳ್ಳಲೇಬೇಕು. ಆದರೆ ಪ್ಲಗ್ ಏರುಸ್ವರವನ್ನು ತಡೆದಷ್ಟು ತಗ್ಗುಸ್ವರವನ್ನು ತಡೆಯುವುದಿಲ್ಲ. ಅಂದರೆ 3,000 ಹರ್ಟ್ಸಿನ ಬಜರ್ ಯಾರಿಗೆ ಚೆನ್ನಾಗಿ ಕೇಳುತ್ತದೆ? ಎಳೆಯ ಕಿವಿಯ, ಪ್ಲಗ್ ಹಾಕದ, ಆಫೀಸಿನಲ್ಲಿ ಕುಳಿತವರಿಗೆ. ಬಿಲ್ ಪಾಸ್ ಮಾಡುವವರೂ ಅವರೇ.

ಹಳೆಯ ಮಿಲ್ ಸೈರನ್ ಈ ವಿಷಯದಲ್ಲಿ ಜಾಣ. ಸ್ಕಾಟ್ಲೆಂಡಿನ ಜಾನ್ ರಾಬಿಸನ್ ಹದಿನೆಂಟನೇ ಶತಮಾನದ ಕೊನೆಗೆ ಇದರ ಮೂಲರೂಪ ಮಾಡಿದ್ದ. 1819ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಅದನ್ನು ಸ್ವರ ಅಳೆಯುವ ಉಪಕರಣವಾಗಿ ಸುಧಾರಿಸಿದ. ತತ್ವ ಸರಳ. ತೂತುಗಳಿರುವ ಚಕ್ರ ತಿರುಗುತ್ತಾ ಗಾಳಿಯ ಹರಿವನ್ನು ಬಿಟ್ಟು ಬಿಟ್ಟು ಕತ್ತರಿಸುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಕತ್ತರಿಸಿತೋ ಅಷ್ಟು ಹರ್ಟ್ಸ್. ನಿಮಿಷಕ್ಕೆ 2,880 ಸುತ್ತು ತಿರುಗುವ ಮೋಟರಿಗೆ ಹತ್ತು ತೂತಿನ ಚಕ್ರ ಹಾಕಿದರೆ ಸೆಕೆಂಡಿಗೆ 48 ಸುತ್ತು, 480 ಹರ್ಟ್ಸ್. ಮೋಟರ್ ವೇಗ ಹಿಡಿಯಲು ಕೆಲವು ಸೆಕೆಂಡು ಬೇಕಾದ್ದರಿಂದ ಸ್ವರ ಕೆಳಗಿನಿಂದ ಏರುತ್ತದೆ, ಸ್ವಿಚ್ ಆರಿಸಿದಾಗ ಎಳೆದೆಳೆದು ಇಳಿಯುತ್ತದೆ. ಇಂದಿನ ಎಲೆಕ್ಟ್ರಾನಿಕ್ ಹೂಟರ್‌ಗಳು ಈ ಏರಿಳಿತವನ್ನು ಚಿಪ್‌ನಿಂದ ನಕಲು ಮಾಡುತ್ತವೆ. ಅಷ್ಟೇ.

480 ಹರ್ಟ್ಸಿನ ಅಲೆಯ ಉದ್ದ ಸುಮಾರು 70 ಸೆಂಟಿಮೀಟರ್. 3,000 ಹರ್ಟ್ಸಿನದು 11. ಅಡ್ಡ ಬಂದ ವಸ್ತು ಅಲೆಗಿಂತ ಬಹಳ ದೊಡ್ಡದಿದ್ದರೆ ಅದರ ಹಿಂದೆ ಸದ್ದಿನ ನೆರಳು ಬೀಳುತ್ತದೆ. ಅಲೆ ಉದ್ದವಿದ್ದರೆ ಬಳಸಿಕೊಂಡು ಹೋಗುತ್ತದೆ. ಮಂಡ್ಯದ ಸಕ್ಕರೆ ಗೋದಾಮಿನಲ್ಲಿ ಆಳೆತ್ತರ ಪೇರಿಸಿದ ಮೂಟೆಗಳ ಹಿಂದೆ ಬಜರಿನ ಕೀರಲು ಸತ್ತುಹೋಗುತ್ತದೆ, ಸೈರನ್ನಿನ ಕೂಗು ಸುತ್ತಿ ಬರುತ್ತದೆ. ತಗ್ಗುಸ್ವರ, ದೂರದ ಪಯಣ, ಹಾಳಾದ ಕಿವಿಗೂ ನಿಲುಕುವ ಸ್ವರಸ್ಥಾನ ಇವೆಲ್ಲ ಹಳೆಯ ಮೋಟರಿನ ವೇಗದಿಂದ ಸುಮ್ಮನೆ ಒದಗಿಬಂದವು. ಮಲಗಿರುವ ವೃದ್ಧರು, ಮಕ್ಕಳು 3,000 ಹರ್ಟ್ಸಿಗಿಂತ 520 ಹರ್ಟ್ಸಿನ ಚೌಕ ಅಲೆಗೆ ಬೇಗ ಏಳುತ್ತಾರೆ ಎಂದು ಪ್ರಯೋಗಗಳು ತೋರಿಸಿದ ಮೇಲೆ ಅಮೆರಿಕದ ಅಗ್ನಿ ಸಂಹಿತೆ ಮಲಗುವ ಜಾಗಗಳಿಗೆ ಅದನ್ನೇ ಕೇಳತೊಡಗಿತು.

ತೀರಾ ತಗ್ಗಿಗೆ ಹೋದರೂ ಆಗದು. ಒಳಕಿವಿಯ ಪೊರೆಯಲ್ಲಿ ಏರುಸ್ವರದ ಜಾಗ ಬಾಗಿಲಲ್ಲೇ ಇದೆ, ತಗ್ಗುಸ್ವರದ್ದು ಒಳತುದಿಯಲ್ಲಿ. ಒಳಗೆ ಹೋಗುವ ತಗ್ಗಿನ ಅಲೆ ಬಾಗಿಲನ್ನು ಅಲುಗಿಸಿಕೊಂಡೇ ಹೋಗಬೇಕು. ಈ ಓಡುವ ಅಲೆಯನ್ನು ಕಂಡ ಗೇಯೋರ್ಗ್ ಫಾನ್ ಬೇಕೆಶಿಗೆ 1961ರ ನೊಬೆಲ್ ಬಂತು. ಇದರಿಂದಾಗಿ ತಗ್ಗಿನ ಗದ್ದಲ ತನಗಿಂತ ಮೇಲಿನ ಸ್ವರಗಳನ್ನು ನುಂಗುತ್ತದೆ, ಮೇಲಿನದು ಕೆಳಗಿನದನ್ನು ಅಷ್ಟಾಗಿ ನುಂಗದು. ಕಬ್ಬು ಅರೆಯುವ ಗಾಣಗಳ ಗೇರ್ ಮೊರೆತ ತಗ್ಗಿನಲ್ಲಿದ್ದರೆ ಎಚ್ಚರಿಕೆಯ ಸ್ವರ ಅದರಲ್ಲಿ ಮುಳುಗಿಹೋಗಬಾರದು, ಕಿವಿ ಸವೆದ ಎತ್ತರಕ್ಕೂ ಏರಬಾರದು. 500ರಿಂದ 1,500 ಹರ್ಟ್ಸ್ ನಡುವೆ ಜಾಗ ಹುಡುಕಬೇಕು. ಐಎಸ್‌ಒ ಮಾನದಂಡದಲ್ಲೇ ಇದಕ್ಕೊಂದು ಬಾಗಿಲಿದೆ: ಒಟ್ಟು ಸದ್ದನ್ನು 15 ಡೆಸಿಬಲ್ ಮೀರಲಾಗದಿದ್ದರೆ, ಗದ್ದಲ ತೆಳುವಾಗಿರುವ ಒಂದು ಸ್ವರಪಟ್ಟಿಯಲ್ಲಿ, ಆ ಗದ್ದಲದ ನಡುವೆ ಕೇಳಿಸುವ ಮಿತಿಗಿಂತ 10 ಡೆಸಿಬಲ್ ಮೇಲೆ ನಿಂತರೂ ಸಾಕು. ಹಲವು ಸ್ವರಗಳ ಆಯ್ಕೆಯಿರುವ ಹೂಟರ್‌ಗಳು ಸಿಗುತ್ತವೆ. ಒಳಗಿನ ಪುಟ್ಟ ಸ್ವಿಚ್‌ಗಳನ್ನು ಯಾರೂ ಮುಟ್ಟುವುದಿಲ್ಲ, ಕಂಪನಿಯಿಂದ ಬಂದ ಸ್ವರವೇ ಕೊನೆತನಕ.

ಅದಕ್ಕೂ ಬಗ್ಗದ ಗದ್ದಲವಿದ್ದರೆ ಮಿನುಗುವ ದೀಪ ಬೇಕು. ಇನ್ನೂ ಒಳ್ಳೆಯದು, ಅಲಾರಂ ಪ್ಯಾನೆಲ್‌ನಿಂದ ಒಂದು ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಎಳೆದು ಮಗ್ಗಗಳನ್ನೇ ನಿಲ್ಲಿಸುವುದು. ಗದ್ದಲ ನಿಂತ ಕೂಡಲೇ ಸಣ್ಣ ಹೂಟರ್ ಕೂಡ ರಾಜ. ಮಗ್ಗ ನಿಂತದ್ದು ನೇಕಾರನಿಗೆ ಯಾವ ಸೈರನ್ನಿಗಿಂತಲೂ ಮೊದಲೇ ಗೊತ್ತಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ಅಪಾಯವಾಗುವ ಯಂತ್ರಗಳಿಗೆ ಈ ಉಪಾಯ ಸಲ್ಲದು.

ಇನ್ನು ವೈರಿಂಗ್. ಸಣ್ಣ ವರ್ಕ್‌ಶಾಪುಗಳಲ್ಲಿ ಕಾಲಿಂಗ್ ಬೆಲ್ ಸ್ವಿಚ್ಚಿನಿಂದ ನೇರ 230 ವೋಲ್ಟ್ ಲೈನಿಗೆ ಹೂಟರ್ ಕೊಟ್ಟಿರುತ್ತಾರೆ. ಬೆಂಕಿ ಹತ್ತಿದಾಗ ಮೊದಲು ಬೀಳುವುದು ತಾನಾಗಿ ಕರೆಂಟು ಕಡಿಯುವ ಎಂಸಿಬಿ ಸ್ವಿಚ್, ಜೊತೆಗೆ ಹೂಟರ್ ಕೂಡ ತೆಪ್ಪಗಾಗುತ್ತದೆ. ಚೆಸ್ಕಾಂ ಕರೆಂಟು ಹೋದಾಗಲೂ ಕೂಗಬೇಕೆಂದರೆ 24 ವೋಲ್ಟ್ ಪ್ಯಾನೆಲ್, ಅದರ ಹಿಂದೆ ಬ್ಯಾಟರಿ ಇರಲೇಬೇಕು. 24 ವೋಲ್ಟಿನ ತೊಂದರೆ ಎಂದರೆ ಅದು ದಾರಿಯಲ್ಲೇ ಸೋರುತ್ತದೆ. 1.5 ಚದರ ಮಿಲಿಮೀಟರ್ ತಾಮ್ರದ ವೈರಿನ ರೋಧ ಕಿಲೋಮೀಟರಿಗೆ ಸುಮಾರು 12 ಓಮ್. ಇನ್ನೂರು ಮೀಟರ್ ದೂರಕ್ಕೆ ಹೋಗಿಬರಲು ನಾನೂರು ಮೀಟರ್ ವೈರ್, ಸುಮಾರು 4.8 ಓಮ್. ಸಾಲಿನ ಕೊನೆಯಲ್ಲಿರುವ ಹೂಟರ್‌ಗಳೆಲ್ಲ ಸೇರಿ ಒಂದು ಆಂಪಿಯರ್ ಎಳೆದರೆ ದಾರಿಯಲ್ಲೇ 4.8 ವೋಲ್ಟ್ ಖರ್ಚು. ತುದಿಗೆ 19 ಚಿಲ್ಲರೆ ಉಳಿಯುತ್ತದೆ. ಬ್ಯಾಟರಿ ಇಳಿದಿದ್ದರೆ ಇನ್ನೂ ಕಮ್ಮಿ. ಪ್ಯಾನೆಲ್ ಪಕ್ಕದ ಹೂಟರ್ ಅಬ್ಬರಿಸುವಾಗ ಬಾಯ್ಲರ್ ಹಿಂದಿನದು ಕೆಮ್ಮುವುದು ಇದೇ ಕಾರಣಕ್ಕೆ. ದಪ್ಪ ವೈರ್ ಎಳೆಯಿರಿ, ಇಲ್ಲವೇ ಸಾಲನ್ನು ಎರಡು ಮಾಡಿ.

ಸಾಲಿನ ಕೊನೆಯ ಹೂಟರ್ ಒಳಗೆ ಒಂದು ರೆಸಿಸ್ಟರ್ ಇರುತ್ತದೆ. ಸುಮ್ಮನಿರುವ ವೇಳೆಯಲ್ಲಿ ಪ್ಯಾನೆಲ್ ಉಲ್ಟಾ ದಿಕ್ಕಿನಲ್ಲಿ ಸಣ್ಣ ಕರೆಂಟು ಹರಿಸುತ್ತಾ ಅದನ್ನು ಮುಟ್ಟಿ ನೋಡುತ್ತಿರುತ್ತದೆ. ಹೂಟರ್‌ಗಳೊಳಗಿನ, ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡು ಆ ಕರೆಂಟನ್ನು ಒಳಬಿಡದ್ದರಿಂದ ಅವು ಕೂಗುವುದಿಲ್ಲ. ಇಲಿ ವೈರ್ ಕಡಿದರೆ ಪ್ಯಾನೆಲ್ಲಿನಲ್ಲಿ ಹಳದಿ ಫಾಲ್ಟ್ ದೀಪ. ಈ ದೀಪದ ಕಾಟ ತಾಳದೆ ಆ ರೆಸಿಸ್ಟರನ್ನು ಬಿಚ್ಚಿ ತಂದು ಪ್ಯಾನೆಲ್ ಒಳಗೇ ತಿರುಪು ಹಾಕುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ದೀಪ ಆರುತ್ತದೆ. ಹೊರಗಿನ ವೈರ್ ಇದೆಯೋ ಇಲ್ಲವೋ ಪ್ಯಾನೆಲ್ಲಿಗೆ ಇನ್ನು ತಿಳಿಯದು. ನನ್ನ ಪ್ರಕಾರ ಇದು ಫೈರ್ ಬಕೆಟ್ಟಿನ ಮರಳು ಕದಿಯುವುದಕ್ಕಿಂತ ದೊಡ್ಡ ಅಪರಾಧ.

ಯಾವ ಕೂಗಿಗೆ ಏನರ್ಥ ಎಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಪಾಳಿ ಬದಲಿಗೆ, ಟೀಗೆ, ಬೆಂಕಿಗೆ ಒಂದೇ ಹೂಟರ್ ಕೂಗಿದರೆ ಜನ ಲೋಟ ಹುಡುಕುತ್ತಾರೆ. ಅರ್ಧ ಸೆಕೆಂಡ್ ಸದ್ದು, ಅರ್ಧ ಸೆಕೆಂಡ್ ಮೌನ, ಹೀಗೆ ಮೂರು ಕೂಗು, ಮೂರನೆಯದರ ನಂತರ ಒಂದೂವರೆ ಸೆಕೆಂಡ್ ಬಿಡುವು: ‘ಹೊರಗೆ ನಡೆಯಿರಿ’ ಎನ್ನಲು 1987ರ ಐಎಸ್‌ಒ 8201 ಈ ಲಯವನ್ನು ಗೊತ್ತುಮಾಡಿದೆ. ಕಿವಿ ಸ್ವರ ಮರೆತರೂ ಲಯ ಮರೆಯುವುದಿಲ್ಲ. ಬಿಡುವಿಗೆ ಇನ್ನೊಂದು ಉಪಯೋಗವಿದೆ, ಆ ಮೌನದಲ್ಲಿ ಮೇಸ್ತ್ರಿ ‘ಆ ಕಡೆ ಬೇಡ, ಈ ಗೇಟಿಗೆ ಬನ್ನಿ’ ಎಂದು ಕೂಗಬಹುದು. ಎಡೆಬಿಡದೆ ಅರಚುವ ಹೂಟರ್ ಕೆಳಗೆ ಯಾರೂ ಯೋಚಿಸಲಾರರು. ಮೊದಲು ಅದನ್ನು ಬಾಯಿಮುಚ್ಚಿಸಲು ಓಡುತ್ತಾರೆ. ವಿಮಾನದ ಕಾಕ್‌ಪಿಟ್ಟಿನ ಎಚ್ಚರಿಕೆ ಸದ್ದುಗಳ ಬಗ್ಗೆ ಬ್ರಿಟನ್ನಿನಲ್ಲಿ ರಾಯ್ ಪ್ಯಾಟರ್‌ಸನ್ 1982ರಲ್ಲಿ ಆಕ್ಷೇಪಿಸಿದ್ದೂ ಇದನ್ನೇ.

ಬಾಯಿಮುಚ್ಚಿಸುವ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎನ್ನಲು ಎರಡು ರಾತ್ರಿಗಳು ಸಾಕು. 1984ರ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಊರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಕೂಗಿ ಆರಿತು. ಸಣ್ಣಪುಟ್ಟ ಸೋರಿಕೆಗೆ ಜನ ಗಾಬರಿಯಾಗಬಾರದೆಂದು ಹಾಗೊಂದು ಪದ್ಧತಿ ಮಾಡಿಕೊಂಡಿದ್ದರು. ಅದು ಮತ್ತೆ ಕೂಗಿದ್ದು ರಾತ್ರಿ ಎರಡರ ಸುಮಾರಿಗೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತಾಗ ಅದರ ಸಾರ್ವತ್ರಿಕ ಅಲಾರಂ ತಾನಾಗಿ ಕೂಗದಂತೆ ತಡೆಹಿಡಿಯಲಾಗಿತ್ತು. ಸುಳ್ಳು ಅಲಾರಂಗೆ ನಡುರಾತ್ರಿ ಎಲ್ಲರ ನಿದ್ದೆ ಕೆಡಬಾರದೆಂದು ಹೀಗೆ ಮಾಡಿದ್ದಾಗಿ ಅಲ್ಲಿನ ತಂತ್ರಜ್ಞ ವಿಚಾರಣೆಯಲ್ಲಿ ಹೇಳಿದ. ಹೂಟರ್ ಪದೇಪದೇ ಸುಮ್ಮನೆ ಕೂಗುತ್ತಿದ್ದರೆ ಕಿತ್ತುಹಾಕಬೇಕಾದ್ದು ಹೂಟರ್ ಅಲ್ಲ. ಧೂಳು ಕೂತ ಹೊಗೆ ಡಿಟೆಕ್ಟರ್ ಒರೆಸಿ, ಒಗ್ಗರಣೆ ಹೊಗೆ ಬರುವ ಕ್ಯಾಂಟೀನಿನಲ್ಲಿ ಅದನ್ನು ತೆಗೆದು ಶಾಖದ ಡಿಟೆಕ್ಟರ್ ಹಾಕಿ.

ನಿರ್ವಹಣೆಯಲ್ಲಿ ನಮ್ಮ ಕಡೆಯ ಶತ್ರುಗಳೇ ಬೇರೆ. ಹೂಟರಿನ ಬಾಯಿ ಕುಂಬಾರ ಹುಳಕ್ಕೆ ಕಟ್ಟಿಸಿಕೊಟ್ಟ ಮನೆ. ಮಣ್ಣಿನ ಗೂಡು ಕಟ್ಟಿತೆಂದರೆ ಸದ್ದು ಹೊರಬರದು. ಬಾಯಿ ತುಸು ಕೆಳಮುಖವಾಗಿರಲಿ, ಮಳೆನೀರು ನಿಲ್ಲದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯ ನಾರು ಜಾಲರಿ ತುಂಬುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಆಯುಧಪೂಜೆ ಮುಂಚಿನ ಪೇಂಟಿಂಗ್. ಗೋಡೆ, ಪೈಪು, ಹೂಟರ್ ಜಾಲರಿ ಎನ್ನದೆ ಎಲ್ಲಕ್ಕೂ ಒಂದೇ ಬ್ರಷ್. ಬ್ಯಾಟರಿಯನ್ನು ಮೀಟರ್ ಇಟ್ಟು ನೋಡಿದರೆ ಸಾಲದು. ಚಾರ್ಜರಿಗೆ ಅಂಟಿಕೊಂಡ ಸತ್ತ 12 ವೋಲ್ಟಿನ ಬ್ಯಾಟರಿಯೂ 13 ವೋಲ್ಟ್ ತೋರಿಸುತ್ತದೆ. ಮೇನ್ಸ್ ತೆಗೆದು, ಎಲ್ಲ ಹೂಟರ್ ಕೂಗಿಸಿ, ಐದು ನಿಮಿಷದ ನಂತರ ತುದಿಯ ಹೂಟರ್ ಬಳಿ ವೋಲ್ಟೇಜ್ ಅಳೆಯಬೇಕು. ಸೀಲ್ಡ್ ಲೆಡ್ ಬ್ಯಾಟರಿಯ ಬಿಸಿ 10 ಡಿಗ್ರಿ ಏರಿದಂತೆಲ್ಲ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ತಗಡಿನ ಕೆಳಗೆ ಪ್ಯಾನೆಲ್ ಇಡಬೇಡಿ.

ಪರೀಕ್ಷೆಯನ್ನು ವಾರದ ರಜೆಯ ದಿನ ಮಾಡುವ ರೂಢಿಯೊಂದಿದೆ, ಉತ್ಪಾದನೆಗೆ ಅಡ್ಡಿಯಾಗದಿರಲೆಂದು. ಖಾಲಿ ಶೆಡ್ಡಿನಲ್ಲಿ ಮೊಬೈಲ್ ರಿಂಗ್ ಕೂಡ ಕೇಳುತ್ತದೆ. ಯಂತ್ರಗಳೆಲ್ಲ ಓಡುವಾಗ, ಬಾಗಿಲು ಮುಚ್ಚಿದ್ದಾಗ, ಪ್ಲಗ್ ಹಾಕಿಕೊಂಡವರ ನಡುವೆ ಕೂಗಿಸಿ. ಮೀಟರನ್ನು ಕಿವಿಯ ಎತ್ತರದಲ್ಲಿ, ಹೂಟರ್‌ಗಳಿಂದ ಅತಿ ದೂರದ ಮೂಲೆಯಲ್ಲಿ ಹಿಡಿಯಿರಿ. ಶೌಚಾಲಯ, ಕೋಲ್ಡ್ ರೂಮ್, ಕಂಪ್ರೆಸರ್ ಕೋಣೆ ಬಿಡಬೇಡಿ. ಆ ಮೂಲೆಯಲ್ಲಿ ಮೀಟರಿನ ಜೊತೆ ನಿವೃತ್ತಿಗೆ ಹತ್ತಿರವಿರುವ ಹಿರಿಯ ಕೆಲಸಗಾರರೊಬ್ಬರನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಕೇಳಿದಾಗ ಕೈ ಎತ್ತಲಿ. ರಿಜಿಸ್ಟರಿನಲ್ಲಿ ಡೆಸಿಬಲ್ ಪಕ್ಕ ಎಷ್ಟನೇ ಕೂಗಿಗೆ ಅವರು ಕೈ ಎತ್ತಿದರು ಎಂದೂ ಬರೆಯಿರಿ. ಮೀಟರ್ ಸರಿ ಎಂದು, ಅವರು ಕೈ ಎತ್ತದಿದ್ದರೆ, ಬದಲಾಯಿಸಬೇಕಾದ್ದು ಹೂಟರಿನ ಸ್ವರ.