ಫೈಟೋಕ್ರೋಮ್ ಎಂದರೆ ಪತ್ರಹರಿತ್ತಲ್ಲ

ಮೈಸೂರಿನ ಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮೊನ್ನೆ ಮತ್ತೆ ಅದೇ ಸಾಲನ್ನು ಓದಿದೆ: 'ಫೈಟೋಕ್ರೋಮ್ ಎಂಬ ಹಸಿರು ವರ್ಣಕದಿಂದ ಗಿಡ ಆಹಾರ ತಯಾರಿಸುತ್ತದೆ.' ಬರೆದ ಮಕ್ಕಳನ್ನು ದೂರುವುದಿಲ್ಲ. ಅವರ ಕೈಗೆ ಸಿಕ್ಕ ಟಿಪ್ಪಣಿಯಲ್ಲಿ 'ಸಸ್ಯವರ್ಣಕ' ಎಂದಷ್ಟೇ ಇತ್ತು. ಗಿಡದ ಬಣ್ಣವೆಂದರೆ ಹಸಿರು, ಹಸಿರೆಂದರೆ ಪತ್ರಹರಿತ್ತು ಎಂದು ಅವರು ಮುಂದುವರಿದರು. ಆಹಾರ ತಯಾರಿಗೆ ಬೇಕಾದ ಹಸಿರು ವರ್ಣಕ ಪತ್ರಹರಿತ್ತು. ಫೈಟೋಕ್ರೋಮ್ ಬೇರೆಯೇ, ಅದು ಬೆಳಕನ್ನು ಗುರುತಿಸುವ ಪ್ರೋಟೀನು.

ಫೈಟೋಕ್ರೋಮ್ ಎಂಬ ಪದವನ್ನು ಬಿಡಿಸಿದರೆ ತಪ್ಪು ಎಲ್ಲಿಂದ ಬಂತೆಂದು ಕಾಣುತ್ತದೆ. ಗ್ರೀಕಿನಲ್ಲಿ 'ಫೈಟಾನ್' ಎಂದರೆ ಗಿಡ, 'ಕ್ರೋಮ' ಎಂದರೆ ಬಣ್ಣ. ಆದರೆ ಆ ಬಣ್ಣವನ್ನು ಎಲೆ ನೋಡಿ ಗುರುತಿಸಲಾಗದು. ಅದು ಇರುವುದೇ ಅತ್ಯಲ್ಪ. 1959ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿದ್ದು ಕತ್ತಲೆಯಲ್ಲಿ ಬೆಳೆಸಿದ ಮೆಕ್ಕೆಜೋಳದ ಬಿಳಿಚಿದ ಮೊಳಕೆಗಳಲ್ಲಿ. ಪತ್ರಹರಿತ್ತು ತುಂಬಿದ ಎಲೆಯಲ್ಲಿ ಹುಡುಕಿದ್ದರೆ ಆ ಹಸಿರಿನಡಿ ಅದು ಮುಚ್ಚಿಹೋಗುತ್ತಿತ್ತು. ಪತ್ರಹರಿತ್ತು ಇಲ್ಲದ ಕಡೆಯೇ ಕಣ್ಣಿಗೆ ಬಿದ್ದದ್ದನ್ನು ಪತ್ರಹರಿತ್ತೆಂದು ಬರೆಯುವುದು ನನ್ನನ್ನು ಕೆಣಕುತ್ತದೆ. 'ಸಸ್ಯವರ್ಣಕ' ಎಂಬ ಅನುವಾದವನ್ನು ಕೈಬಿಟ್ಟು ಫೈಟೋಕ್ರೋಮ್ ಎಂದೇ ಬರೆಯುವುದು ಮೇಲು.

ಗಿಡಕ್ಕೆ ಬೆಳಕು ಅನ್ನವೂ ಹೌದು, ಸುದ್ದಿಯೂ ಹೌದು. ದ್ಯುತಿಸಂಶ್ಲೇಷಣೆ ಅನ್ನದ ಪಾಲಿಗೆ ಸೇರಿದ ಪದ. 'ಸಂಶ್ಲೇಷಣೆ'ಯಲ್ಲಿರುವುದು ಅಪ್ಪುವ, ಕೂಡಿಸುವ ಅರ್ಥದ 'ಶ್ಲಿಷ್' ಧಾತು. ಎರಡು ಅರ್ಥ ಅಪ್ಪಿಕೊಂಡಿರುವ ಶ್ಲೇಷೆಯಲ್ಲೂ, ನಮ್ಮ ರೈತರು ಕಾಯುವ ಆಶ್ಲೇಷಾ ಮಳೆಯ ಹೆಸರಿನಲ್ಲೂ ಇರುವುದು ಅದೇ. ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಬೆಳಕಿನ ಬಲದಿಂದ ಕೂಡಿಸಿ ಸಕ್ಕರೆ ಮಾಡುವುದಕ್ಕೆ ಎಷ್ಟು ಒಪ್ಪುವ ಪದ! ಅದನ್ನು ಬೆಳಕಿಗೆ ಸಂಬಂಧಿಸಿದ ಎಲ್ಲದಕ್ಕೂ ಅಂಟಿಸುವುದು ಆ ಪದಕ್ಕೇ ಮಾಡುವ ಅನ್ಯಾಯ.

ಸುದ್ದಿಯ ಪಾಲಿನದು ಫೈಟೋಕ್ರೋಮ್. ಅದೊಂದು ಪ್ರೋಟೀನು, ಬೆಳಕು ಹೀರುವ ಸಣ್ಣ ಅಣುವೊಂದು ಅದಕ್ಕೆ ಅಂಟಿಕೊಂಡಿರುತ್ತದೆ. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಬಿದ್ದರೆ ಅದರ ಆಕಾರ ಬದಲಾಗಿ ಚುರುಕಾಗುತ್ತದೆ. ಸುಮಾರು 730ರ ಕಡುಗೆಂಪು ಬೆಳಕು ಬಿದ್ದರೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಚುರುಕಾದಾಗ ಕೋಶಕೇಂದ್ರವನ್ನು ಹೊಕ್ಕು, ಕತ್ತಲೆಯ ನಡವಳಿಕೆಯನ್ನು, ಎಂದರೆ ಮೊಳಕೆ ಬಿಳಿಚಿ ನೀಳವಾಗಿ ಬೆಳೆಯುವುದನ್ನು, ಕಾಯ್ದುಕೊಂಡಿದ್ದ ಪಿಐಎಫ್ ಎಂಬ ಪ್ರೋಟೀನುಗಳು ನಾಶವಾಗುವಂತೆ ಮಾಡುತ್ತದೆ. ಕತ್ತಲೆಯಲ್ಲಿ ಸಿಒಪಿ1 ಎಂಬ ಇನ್ನೊಂದು ಪ್ರೋಟೀನು ಎಚ್‌ವೈ5 ಎಂಬ ಪ್ರೋಟೀನನ್ನು ಉಳಿಯಗೊಡುವುದಿಲ್ಲ. ಬೆಳಕು ಬಂದಾಗ ಸಿಒಪಿ1 ಹಿಡಿತ ಸಡಿಲಿಸುತ್ತದೆ, ಎಚ್‌ವೈ5 ಉಳಿದು ಎಲೆ ಹಸಿರಾಗುವ ಜೀನುಗಳನ್ನು ಎಬ್ಬಿಸುತ್ತದೆ. ನೀಲಿ ಬೆಳಕನ್ನು ಗುರುತಿಸಲು ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನು ಇದೆ. ಕಿಟಕಿಯತ್ತ ಗಿಡ ಬಾಗುವುದು ಫೋಟೋಟ್ರೋಪಿನ್ ಎಂಬ ಮತ್ತೊಂದು ಪ್ರೋಟೀನಿನ ಕೆಲಸ. ಅದನ್ನೂ ದ್ಯುತಿಸಂಶ್ಲೇಷಣೆಯ ಲೆಕ್ಕಕ್ಕೆ ಬರೆಯುವವರಿದ್ದಾರೆ.

ಮನೆಯಲ್ಲೇ ನೋಡಬಹುದು. ಹೆಸರುಕಾಳನ್ನು ಮಣ್ಣಿನ ಕುಡಿಕೆಯಲ್ಲಿ ಬಿತ್ತಿ, ಮೇಲೊಂದು ಮಡಕೆ ಕವುಚಿ ನಾಲ್ಕೈದು ದಿನ ಬಿಡಿ. ಮೊಳಕೆ ನೀಳವಾಗಿ, ಹಳದಿಯಾಗಿ, ತುದಿ ಕೊಕ್ಕೆಯಂತೆ ಬಾಗಿ ನಿಂತಿರುತ್ತದೆ. ಬೆಳಕಿಗಿಟ್ಟರೆ ಕೊಕ್ಕೆ ನೆಟ್ಟಗಾಗತೊಡಗುತ್ತದೆ, ಎಲೆ ಬಿಚ್ಚತೊಡಗುತ್ತದೆ. ಅದಕ್ಕೆ ಅಡುಗೆ ಶುರುವಾಗುವವರೆಗೆ ಕಾಯಬೇಕಿಲ್ಲ. ಬೆಳಕು ಬಿದ್ದ ಕ್ಷಣಕ್ಕೆ ಮೊಳಕೆ ಇನ್ನೂ ಹಳದಿಯೇ. ಬೆಳಗಾಯಿತೆಂಬ ಸುದ್ದಿಯಷ್ಟೇ ತಲುಪಿದೆ.

ಒತ್ತಾಗಿ ಚೆಲ್ಲಿದ ಒಟ್ಲುಪಾತಿಯಲ್ಲಿ ಪೈರು ಸಣಕಲಾಗಿ ಉದ್ದ ಬೆಳೆಯುವುದರಲ್ಲೂ ಈ ಪ್ರೋಟೀನಿನ ಪಾತ್ರವಿದೆ. ಎಲೆ ಕೆಂಪು ಬೆಳಕನ್ನು ನುಂಗಿ ಕಡುಗೆಂಪನ್ನು ಬಿಟ್ಟುಕೊಡುತ್ತದೆ. ಅದರಿಂದಲೇ ಗಿಡಕ್ಕೆ ಪಕ್ಕದಲ್ಲಿ ಇನ್ನೊಂದಿದೆ ಎಂದು ತಿಳಿಯುತ್ತದೆ.

ಇನ್ನು ಅವರೆ. ಹಗಲಿನ ಉದ್ದವೂ ಗಿಡಕ್ಕೆ ಬೆಳಕು ತರುವ ಸುದ್ದಿಯೇ. ಮಂಡ್ಯದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರು ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ನಾಟಿ ಅವರೆ ಅಷ್ಟನ್ನೇ ಗುರುತಿಸಿ, ಹಗಲು ಕುಗ್ಗಿದ ಮೇಲೆ ಹೂ ಬಿಟ್ಟು ಮಾಗಿಯಲ್ಲಿ ಸೊಗಡಿನ ಕಾಯಿ ಕೊಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಾಗೆ ಕಾಯುವುದಿಲ್ಲ. ವರ್ಷದಲ್ಲಿ ಯಾವಾಗ ಬಿತ್ತಿದರೂ ಹೂ ಬಿಡುತ್ತವೆ. ಇಂಥವನ್ನು 'ಬೆಳಕಿಗೆ ಸ್ಪಂದಿಸದ ತಳಿ' ಎಂದು ಬರೆಯುವುದು ರೂಢಿಯಾಗಿದೆ. ನನ್ನ ಪರಿಚಯದ ರೈತರೊಬ್ಬರು ಅದನ್ನು ಓದಿ, ಬಿಸಿಲು ಬೇಡದ ತಳಿ ಎಂದು ತಿಳಿದು, ತೆಂಗಿನ ತೋಟದ ದಟ್ಟ ನೆರಳಿನಲ್ಲಿ ಬಿತ್ತಿದರು. ಗಿಡ ಸೊರಗಿತು, ಕಾಯಿ ಕಟ್ಟಲಿಲ್ಲ. ಓದಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. 'ಹಗಲಿನ ಉದ್ದಕ್ಕೆ ಕಾಯದ ತಳಿ, ಬಿಸಿಲು ಬೇಕು' ಎಂದು ಬರೆದಿದ್ದರೆ ಅವರ ಬೀಜ ಉಳಿಯುತ್ತಿತ್ತು.