ಟೊಳ್ಳು ಇಟ್ಟಿಗೆಯ ಗೋಡೆ: ಶಾಖಕ್ಕೊಂದು ತಡೆ, ಸದ್ದಿಗೊಂದು ತಡೆ

ಸುಟ್ಟ ಜೇಡಿಮಣ್ಣಿನ ಟೊಳ್ಳು ಇಟ್ಟಿಗೆಯಿಂದ ಕಟ್ಟಿದ ಮನೆಗಳಲ್ಲಿ ಎರಡು ದೂರುಗಳು ಹೆಚ್ಚಾಗಿ ಜೊತೆಯಾಗಿಯೇ ಕೇಳಿಬರುತ್ತವೆ. ಹೊರಗಿನ ಬಿಸಿಲು ಅಥವಾ ಚಳಿ ಗೋಡೆ ದಾಟಿ ಒಳಗೆ ಬರುತ್ತದೆ ಎಂಬುದು ಒಂದು, ಪಕ್ಕದ ಕೋಣೆಯ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಇನ್ನೊಂದು. ಎರಡಕ್ಕೂ ಸೇರಿಸಿ ಥರ್ಮೊಕೋಲ್ ಹಲಗೆ ಅಂಟಿಸಿದರಾಯಿತು ಎಂದು ನಂಬುವವರು ಬಹಳ. ಶಾಖದ ಮಟ್ಟಿಗೆ ಈ ನಂಬಿಕೆ ನಿಜ. ಸದ್ದಿನ ಮಟ್ಟಿಗೆ ಅದು ತಪ್ಪು ಮಾತ್ರವಲ್ಲ, ಕೆಲವೊಮ್ಮೆ ಇದ್ದ ತಡೆಯನ್ನೂ ಕಡಿಮೆ ಮಾಡುತ್ತದೆ.

ಮೊದಲು ಶಾಖದ ವಿಚಾರ. ಕದಲದೆ ನಿಂತ ಗಾಳಿಯ ಉಷ್ಣವಾಹಕತೆ (ಶಾಖವನ್ನು ಸಾಗಿಸುವ ಗುಣ) ಮೀಟರ್-ಕೆಲ್ವಿನ್‌ಗೆ ಸುಮಾರು 0.025 ವ್ಯಾಟ್ ಮಾತ್ರ, ಗಟ್ಟಿ ಇಟ್ಟಿಗೆಯದು 0.6ರಿಂದ 0.8. ಇಟ್ಟಿಗೆಯಲ್ಲಿ ರಂಧ್ರ ಬಿಡುವುದರ ಲಾಭ ಇಲ್ಲಿದೆ. ಆದರೆ ರಂಧ್ರ ದೊಡ್ಡದಾದಷ್ಟೂ ಲಾಭ ಹೆಚ್ಚುವುದಿಲ್ಲ. ಸುಮಾರು ಎರಡು ಸೆಂಟಿಮೀಟರ್ ಅಗಲ ದಾಟಿದ ಮೇಲೆ ಗಾಳಿ ಒಳಗೇ ಸುತ್ತಲು ತೊಡಗುತ್ತದೆ; ಬಿಸಿ ಮುಖದಿಂದ ತಣ್ಣನೆಯ ಮುಖಕ್ಕೆ ಶಾಖ ವಿಕಿರಣವಾಗಿಯೂ ಸಾಗುತ್ತದೆ. ಅಲ್ಲದೆ, ರಂಧ್ರಗಳ ನಡುವಿನ ಮಣ್ಣಿನ ಪಟ್ಟಿಗಳು ಶಾಖ ದಾಟುವ ಸೇತುವೆಗಳಾಗಿ ಉಳಿದೇ ಇರುತ್ತವೆ. ಅದಕ್ಕಾಗಿಯೇ ಕಟ್ಟಿದ ಗೋಡೆಯ ರಂಧ್ರಗಳಿಗೆ ಆಮೇಲೆ ಏನನ್ನಾದರೂ ತುಂಬಿಸುವ ಯೋಚನೆ ಕೇಳಲು ಚೆನ್ನಾಗಿದ್ದರೂ ಅದರಿಂದ ಸಿಗುವ ಫಲ ಅಲ್ಪ.

ಒಂದು ಲೆಕ್ಕ ಹಾಕಿ ನೋಡೋಣ. 20 ಸೆಂಟಿಮೀಟರ್ ದಪ್ಪದ ಟೊಳ್ಳು ಇಟ್ಟಿಗೆ ಗೋಡೆಯ ಒಟ್ಟಾರೆ ಉಷ್ಣವಾಹಕತೆ 0.35 ಎಂದಿಟ್ಟುಕೊಂಡು, ಗೋಡೆಯ ಎರಡೂ ಮುಖಗಳಿಗೆ ಅಂಟಿದ ಗಾಳಿಯ ತಡೆಯನ್ನೂ ಲೆಕ್ಕಕ್ಕೆ ಹಿಡಿದರೆ, ಒಳಗೂ ಹೊರಗೂ 15 ಡಿಗ್ರಿ ಅಂತರವಿದ್ದಾಗ ಪ್ರತಿ ಚದರ ಮೀಟರಿನಲ್ಲಿ ಸುಮಾರು 20 ವ್ಯಾಟ್ ಶಾಖ ದಾಟುತ್ತದೆ. ಇದಕ್ಕೆ 5 ಸೆಂಟಿಮೀಟರ್ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರಿನ ಹಾಸು) ಅಥವಾ ಥರ್ಮೊಕೋಲ್ ಸೇರಿಸಿದರೆ ಅದು 7.5 ವ್ಯಾಟ್‌ಗೆ ಇಳಿಯುತ್ತದೆ. ಇನ್ನೂ 5 ಸೆಂಟಿಮೀಟರ್ ಸೇರಿಸಿದರೆ 4.6 ವ್ಯಾಟ್‌ಗೆ. ಮೊದಲ ಪದರ ಉಳಿಸಿದ್ದರಲ್ಲಿ ಕಾಲು ಭಾಗವನ್ನೂ ಎರಡನೆಯದು ಉಳಿಸಲಿಲ್ಲ. ಈ ಎರಡು ವಸ್ತುಗಳ ಉಷ್ಣವಾಹಕತೆ ಹೆಚ್ಚುಕಡಿಮೆ ಒಂದೇ, 0.035ರಿಂದ 0.04ರ ಆಸುಪಾಸು. ಆದ್ದರಿಂದ ಆಯ್ಕೆಯನ್ನು ಬೇರೆ ಗುಣಗಳು ನಿರ್ಧರಿಸಬೇಕು. ಥರ್ಮೊಕೋಲ್‌ಗೆ ಬೆಂಕಿ ಹತ್ತುತ್ತದೆ, ರಾಕ್‌ವೂಲ್‌ಗೆ ಹತ್ತುವುದಿಲ್ಲ; ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು. ಎರಡನೆಯ ದೊಡ್ಡ ವ್ಯತ್ಯಾಸ ಇರುವುದು ಸದ್ದಿನ ವಿಷಯದಲ್ಲಿ.

ಸದ್ದನ್ನು ತಡೆಯುವುದು ಗೋಡೆಯ ಭಾರ. ಸದ್ದು ಬಡಿದಾಗ ಗೋಡೆ ಇಡಿಯಾಗಿ ಅತಿ ಸಣ್ಣದಾಗಿ ಕಂಪಿಸಿ ಆಚೆ ಬದಿಯ ಗಾಳಿಯನ್ನು ಅಲುಗಿಸುತ್ತದೆ. ಭಾರ ಹೆಚ್ಚಿದ್ದಷ್ಟೂ ಕಂಪನ ಕಡಿಮೆ. ಪ್ರತಿ ಚದರ ಮೀಟರಿನ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಹೆಚ್ಚುತ್ತದೆ ಎಂಬುದು ಸರಳೀಕೃತ ನಿಯಮ, ವಾಸ್ತವದಲ್ಲಿ ತುಸು ಕಡಿಮೆ. ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಶಾಖ ತಡೆಯಲೆಂದು ಹಗುರ ಮಾಡಿದ ಇಟ್ಟಿಗೆ ಸದ್ದಿನ ಮುಂದೆ ದುರ್ಬಲವಾಗುವುದು ಹೀಗೆ. ಒಳಗಿನ ತೆಳು ಪಟ್ಟಿಗಳು ಕೆಲವು ಆವರ್ತನಗಳಲ್ಲಿ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ; ಹರ್ಟ್ಜ್ ಅದರ ಮಾನ) ತಾವೇ ಕಂಪಿಸುವುದರಿಂದ, ತೂಕದ ಲೆಕ್ಕ ಸೂಚಿಸುವಷ್ಟು ತಡೆಯೂ ಅನೇಕ ವೇಳೆ ಸಿಗುವುದಿಲ್ಲ.

ಈಗ ಈ ಗೋಡೆಗೆ ಥರ್ಮೊಕೋಲ್ ಅಂಟಿಸಿ ಮೇಲೆ ತೆಳುವಾಗಿ ಗಾರೆ ಬಳಿದೆವು ಎನ್ನಿ. ಗಾರೆಯ ಪದರ ಒಂದು ತೂಕ, ಗೋಡೆ ಇನ್ನೊಂದು ತೂಕ, ನಡುವಿನ ಹಲಗೆ ಬಿಗಿಯಾದ ಸ್ಪ್ರಿಂಗ್. ಇಂಥ ವ್ಯವಸ್ಥೆಗೆ ತನ್ನದೇ ಆದ ಅನುನಾದದ ಆವರ್ತನವಿರುತ್ತದೆ, ಅಂದರೆ ಆ ಸ್ವರ ಬಡಿದಾಗ ಅದು ಎಲ್ಲಕ್ಕಿಂತ ಜೋರಾಗಿ ಕಂಪಿಸುತ್ತದೆ. ಗಡಸು ಥರ್ಮೊಕೋಲ್ ಇದ್ದಾಗ ಅದು ನೂರಾರು ಹರ್ಟ್ಜ್‌ನಲ್ಲಿ, ಅಂದರೆ ಮನುಷ್ಯರ ಮಾತಿನ ವ್ಯಾಪ್ತಿಯೊಳಗೇ ಬೀಳುತ್ತದೆ. ಆ ಸ್ವರಗಳಿಗೆ ಗೋಡೆ ಮೊದಲಿಗಿಂತ ಸುಲಭವಾಗಿ ದಾರಿ ಬಿಡುತ್ತದೆ.

ಇದೇ ತತ್ತ್ವವನ್ನು ನಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಲು ಬರುತ್ತದೆ. ಗೋಡೆಗೆ ತಾಗದಂತೆ, ನೆಲ ಮತ್ತು ಚಾವಣಿಗೆ ಮಾತ್ರ ಕಚ್ಚಿಸಿದ ಲೋಹದ ಫ್ರೇಮ್ ನಿಲ್ಲಿಸಿ, ನಡುವಿನ 5 ಸೆಂಟಿಮೀಟರ್ ಜಾಗದಲ್ಲಿ ರಾಕ್‌ವೂಲ್ ಅಥವಾ ಗಾಜಿನ ನಾರಿನ ಗ್ಲಾಸ್‌ವೂಲ್ ಇಟ್ಟು, ಮೇಲೆ ಜಿಪ್ಸಮ್ ಬೋರ್ಡ್ ಹೊದಿಸಬೇಕು. ಇಲ್ಲಿ ಸ್ಪ್ರಿಂಗ್ ಎಂದರೆ ಮೆತ್ತನೆಯ ಗಾಳಿ. ಚದರ ಮೀಟರಿಗೆ 10 ಕಿಲೊ ತೂಗುವ ಒಂದು ಬೋರ್ಡ್ ಇದ್ದರೆ ಅನುನಾದ ಸುಮಾರು 85ರಿಂದ 90 ಹರ್ಟ್ಜ್‌ನಲ್ಲಿ. ಎರಡು ಬೋರ್ಡ್ ಹಾಕಿದರೆ 65 ಹರ್ಟ್ಜ್‌ನ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಿಂತ ಸಾಕಷ್ಟು ಮೇಲಿನ ಸ್ವರಗಳೆಲ್ಲ ಬಲವಾಗಿ ತಡೆಯಲ್ಪಡುತ್ತವೆ. ಉದ್ದ ಸ್ಕ್ರೂ ಹಾಕಿ ಫ್ರೇಮನ್ನು ಗೋಡೆಗೇ ಬಿಗಿದರೆ ಕಂಪನಕ್ಕೆ ನೇರ ದಾರಿ ಸಿಕ್ಕಿ, ಖರ್ಚಿನ ಬಹುಪಾಲು ವ್ಯರ್ಥವಾಗುತ್ತದೆ. ಗೋಡೆಯ ಮೇಲೆ ಅಂಟಿಸುವ ಮೆತ್ತನೆಯ ಫೋಮ್ ಹಾಳೆಗಳಿಂದ ಈ ಕೆಲಸವಾಗದು. ಅವು ಕೋಣೆಯೊಳಗಿನ ಅನುರಣನವನ್ನು (ಸದ್ದು ಗೋಡೆಗಳಿಗೆ ಬಡಿದು ಮಾರ್ದನಿಸುವುದನ್ನು) ತಗ್ಗಿಸುತ್ತವೆಯೇ ಹೊರತು ಗೋಡೆ ದಾಟುವ ಸದ್ದನ್ನು ತಡೆಯುವುದು ತೀರ ಕಡಿಮೆ.

ಇಷ್ಟೆಲ್ಲ ಮಾಡುವ ಮೊದಲು ಬಿರುಕುಗಳನ್ನು ಮುಚ್ಚಿಸಬೇಕೆಂದು ಒತ್ತಿ ಹೇಳುತ್ತೇನೆ. 10 ಚದರ ಮೀಟರ್ ಗೋಡೆಯಲ್ಲಿ ಸಂದುಗಳೆಲ್ಲ ಸೇರಿ 10 ಚದರ ಸೆಂಟಿಮೀಟರ್ ಆದರೂ ಸಾಕು, ಗೋಡೆ ಎಷ್ಟೇ ಭಾರವಿರಲಿ, ಒಟ್ಟು ತಡೆ ಸುಮಾರು 40 ಡೆಸಿಬೆಲ್ ದಾಟದು. ಟೊಳ್ಳು ಇಟ್ಟಿಗೆಯಲ್ಲಿ ಲಂಬ ಸಂದುಗಳಿಗೆ ಗಾರೆ ತುಂಬದೆ ಬಿಡುವುದು ಉಂಟು. ಹಾಗಾಗಿ ಎರಡೂ ಬದಿಗೆ, ಚಾವಣಿಯ ಅಂಚಿನವರೆಗೂ ಬಿಡದೆ ಗಾರೆ ಮಾಡಿಸುವುದು ಎಲ್ಲಕ್ಕಿಂತ ಅಗ್ಗದ ಶಬ್ದನಿರೋಧಕ. ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ ಸ್ವಿಚ್ ಬಾಕ್ಸ್‌ಗಳು ಎರಡು ಕೋಣೆಗಳ ನಡುವೆ ಕಿಂಡಿ ತೆರೆದ ಹಾಗೆಯೇ.

ಹೊರಗೋಡೆಗೆ ಉಷ್ಣನಿರೋಧಕವನ್ನು ಸಾಧ್ಯವಾದರೆ ಹೊರಬದಿಗೇ ಹಾಕಬೇಕು. ಆಗ ಬಿಸಿಲು ಇಟ್ಟಿಗೆಯನ್ನು ಮುಟ್ಟುವ ಮೊದಲೇ ತಡೆಯಲ್ಪಡುತ್ತದೆ, ಗೋಡೆಯ ತೂಕ ಒಳಗಿನ ತಾಪವನ್ನು ಹದವಾಗಿಡಲು ನೆರವಾಗುತ್ತದೆ. ಚಳಿ ಪ್ರದೇಶದಲ್ಲಿ ಒಳಬದಿಗೆ ಹಾಕಿದರೆ ಇಟ್ಟಿಗೆ ತಣ್ಣಗೇ ಉಳಿಯುತ್ತದೆ. 20 ಡಿಗ್ರಿ ತಾಪ ಮತ್ತು ಶೇಕಡಾ 50 ತೇವವಿರುವ ಕೋಣೆಯ ಗಾಳಿ 9 ಡಿಗ್ರಿಯ ಆಸುಪಾಸಿನ ಮೇಲ್ಮೈಯನ್ನು ಮುಟ್ಟಿದರೆ ಅಲ್ಲಿ ನೀರು ಕಟ್ಟುತ್ತದೆ, ನಿರೋಧಕದ ಹಿಂದೆ ಯಾರಿಗೂ ಕಾಣದಂತೆ ಬೂಷ್ಟು ಬೆಳೆಯುತ್ತದೆ. ಒಳಬದಿಯೇ ಅನಿವಾರ್ಯವಾದಾಗ ನಿರೋಧಕದ ಕೋಣೆಯ ಕಡೆಯ ಮುಖಕ್ಕೆ ಆವಿ ತಡೆಯುವ ಹಾಳೆಯನ್ನು ಸಂದಿಲ್ಲದಂತೆ ಹಚ್ಚಿ, ಅದರ ಅಂಚುಗಳನ್ನು ನೆಲ, ಚಾವಣಿ ಮತ್ತು ಕಿಟಕಿ ಚೌಕಟ್ಟುಗಳಿಗೆ ಟೇಪಿನಿಂದ ಮುಚ್ಚಬೇಕು.